ಚೈತ್ರದ ಬಿಸಿಲಿನಲ್ಲಿ ಹಂಪಿಯ ತೇರು

ಹಂಪಿಯನ್ನು ನೋಡಬೇಕೆಂಬವರಿಗೆ ಅನುಭವಸ್ಥರು ಹೇಳುವ ಕಾಲವು ಕಾರ್ತಿಕದಿಂದ ಮಾಘದವರೆಗಿನದು. ಆ ತಿಂಗಳುಗಳಲ್ಲಿ ತುಂಗಭದ್ರೆಯ ಮೇಲಿನಿಂದ ಬರುವ ಗಾಳಿಯು ತಂಪಾಗಿರುತ್ತದೆ. ಬಂಡೆಗಳ ಮೇಲೆ ಬರಿಗಾಲಿನಲ್ಲಿ ನಡೆಯಬಹುದು. ಮಧ್ಯಾಹ್ನದಲ್ಲಿಯೂ ಒಂದು ಮಂಟಪದಿಂದ ಇನ್ನೊಂದಕ್ಕೆ ಹೋಗಲು ಮನಸ್ಸು ಹಿಂಜರಿಯುವುದಿಲ್ಲ. ಆದರೆ ವಿರೂಪಾಕ್ಷನ ತೇರು ನಡೆಯುವುದು ಚೈತ್ರ ಶುದ್ಧ ಪೂರ್ಣಿಮೆಯಂದು. ದೇವರ ಉತ್ಸವವು ನಮ್ಮ ಅನುಕೂಲವನ್ನು ನೋಡಿಕೊಂಡು ಬರುವುದಲ್ಲವಷ್ಟೆ. ಆ ಹೊತ್ತಿಗೆ ಬಳ್ಳಾರಿ ಸೀಮೆಯ ಬಿಸಿಲು ಬಲಿತು, ನೆರಳಿನಲ್ಲಿಟ್ಟ ಉಷ್ಣಮಾಪಕವೇ 38, 40 ಡಿಗ್ರಿಗಳನ್ನು ತೋರಿಸುತ್ತಿರುತ್ತದೆ. ಹಂಪಿಯ ಗುಡ್ಡಗಳೆಲ್ಲ ಬೆಣಚುಕಲ್ಲಿನವು. ಹಗಲೆಲ್ಲ ಕುಡಿದ ಕಾವನ್ನು ಅವು ಸಂಜೆಯಾದ ಮೇಲೆ ಒಂದೊಂದಾಗಿ ಹೊರಗೆ ಬಿಡುತ್ತವೆ. ಆದಕಾರಣ ಅಲ್ಲಿ ಸೂರ್ಯನು ಮುಳುಗಿದರೂ ಸೆಕೆ ಮುಳುಗುವುದಿಲ್ಲ.

ಇಂಥ ಬಿಸಿಲಿನಲ್ಲಿ ಮನುಷ್ಯನು ಹೇಗೋ ಇರುತ್ತಾನೆ. ತಲೆಗೆ ವಸ್ತ್ರ ಸುತ್ತುತ್ತಾನೆ, ಮಜ್ಜಿಗೆ ಕುಡಿಯುತ್ತಾನೆ, ಬೆವರುತ್ತಾನೆ. ತಡೆಯಲಾರದೆ ಹೋದರೆ ಮರದ ಕೆಳಗೆ ಕುಳಿತುಕೊಳ್ಳುತ್ತಾನೆ. ಈಚೆಗೆ ಪ್ರವಾಸ ಹೋಗುವವರೆಲ್ಲರ ಹೆಗಲಿನಲ್ಲಿಯೂ ತೂಗುತ್ತಿರುವ ಡಿಜಿಟಲ್ ಕ್ಯಾಮರಾಕ್ಕೆ ಈ ಉಪಾಯಗಳೊಂದೂ ತಿಳಿಯವು. ಅದಕ್ಕೆ ತಿಳಿದಿರುವುದು ಒಂದೇ: ಮೈ ಮಿತಿಮೀರಿ ಕಾದಾಗ ಕೆಲಸವನ್ನು ನಿಲ್ಲಿಸಿ ಕಣ್ಣು ಮುಚ್ಚಿಬಿಡುವುದು. ಅದು ಹಾಗೆ ಕಣ್ಣು ಮುಚ್ಚುವುದು ಅನೇಕ ವೇಳೆ ನಾವು ನೋಡಬೇಕೆಂದು ಅಷ್ಟು ದೂರ ಬಂದ ಕ್ಷಣದಲ್ಲಿಯೇ. ಕಳೆದ ಚೈತ್ರದಲ್ಲಿ ನಾವು ಹಂಪಿಗೆ ಹೋದಾಗ ಈ ವಿಷಯದಲ್ಲಿ ಮಾಡಿಕೊಂಡ ಏರ್ಪಾಡುಗಳನ್ನೂ ಕಂಡ ಸಂಗತಿಗಳನ್ನೂ ವಾಚಕರ ಮುಂದೆ ಇಡುತ್ತೇವೆ.

ನಮ್ಮ ಪ್ರಯಾಣಕ್ಕೆ ಕಾರಣರಾದವರು ನಮ್ಮ ದೊಡ್ಡಮ್ಮನವರು. ಅವರು ಹುಟ್ಟಿದುದು ಹಂಪಿಯ ಎದುರು ದಡದ ಆನೆಗೊಂದಿಯಲ್ಲಿ. ಬಾಲ್ಯದಲ್ಲಿ ಪ್ರತಿವರ್ಷವೂ ಹರಿಗೋಲಿನಲ್ಲಿ ಹೊಳೆಯನ್ನು ದಾಟಿ ಬಂದು ತೇರನ್ನು ನೋಡಿದವರು. ಮದುವೆಯಾಗಿ ಹರಿಹರಕ್ಕೆ ಬಂದರು. ಅಲ್ಲಿಯೂ ಅದೇ ತುಂಗಭದ್ರೆಯ ನೀರು ಎಂಬುದು ಅವರಿಗೊಂದು ಸಮಾಧಾನ. ಈಗ ಅವರಿಗೆ ಎಂಬತ್ತು ದಾಟಿದೆ. ಹೊಸ್ತಿಲನ್ನು ದಾಟಿ ಅಂಗಳಕ್ಕೆ ಬರುವುದೇ ಅವರಿಗೊಂದು ಪ್ರಯಾಣ. ತೇರನ್ನು ಚಿತ್ರದಲ್ಲಿ ಹಿಡಿದು ತಂದು ತೋರಿಸುತ್ತೇವೆಂದು ಮನೆಯ ಹುಡುಗರು ಹೇಳಿದಾಗ ಅವರು ಕೇಳಿಕೊಂಡುದು ಇಷ್ಟೆ: “ತುಣುಕು ತುಣುಕಾಗಿ ಬೇಡಪ್ಪ. ಹಗ್ಗಕ್ಕೆ ಕೈ ಹಾಕಿದಾಗಿನಿಂದ ತೇರು ನಿಲ್ಲುವ ತನಕ, ನಡುವೆ ಬಿಡದೆ ತೋರಿಸಿ. ಇನ್ನೊಂದು ತೇರು ನನಗುಂಟೋ ಇಲ್ಲವೋ.”

ನಡುವೆ ಬಿಡದೆ ಎಂಬ ಆ ಒಂದು ಮಾತಿನಲ್ಲಿಯೇ ಕಷ್ಟವೆಲ್ಲ ಇದ್ದಿತು. ನಿಂತ ಚಿತ್ರಗಳನ್ನು ಒಂದೊಂದಾಗಿ ತೆಗೆಯುವವನ ಕ್ಯಾಮರಾಕ್ಕೆ ಎರಡು ಚಿತ್ರಗಳ ನಡುವೆ ಬಿಡುವು ಸಿಕ್ಕುತ್ತದೆ. ಚಲಿಸುವ ಚಿತ್ರವನ್ನು ಗಂಟೆಗಟ್ಟಲೆ ಹಿಡಿಯುವವನ ಕ್ಯಾಮರಾಕ್ಕೆ ಅದು ಸಿಕ್ಕುವುದಿಲ್ಲ. ಏಕೆಂಬುದನ್ನು ತಿಳಿಯಬೇಕಾದರೆ ಅದರ ಒಳಗೆ ನಡೆಯುವ ಕೆಲಸವನ್ನು ಸ್ವಲ್ಪ ವಿವರಿಸಬೇಕು.

ಕ್ಯಾಮರಾದ ಮಸೂರದ ಹಿಂದೆ ಸೆನ್ಸರ್ ಎಂಬ ಒಂದು ಫಲಕವಿರುವುದು. ಅದರ ಮೇಲೆ ಬಿದ್ದ ಬೆಳಕು ಲಕ್ಷಾಂತರ ಸಣ್ಣ ಕೋಶಗಳಲ್ಲಿ ವಿದ್ಯುತ್ತಾಗಿ ಪರಿಣಮಿಸುತ್ತದೆ. ಆ ವಿದ್ಯುತ್ತನ್ನು ಅಂಕಿಗಳಾಗಿ ಬರೆದು, ಒಪ್ಪಮಾಡಿ, ಅಡಕಮಾಡಿ, ಮೆಮೊರಿ ಕಾರ್ಡಿನಲ್ಲಿ ತುಂಬುವುದು ಇನ್ನೊಂದು ಸಣ್ಣ ಗಣಕದ ಕೆಲಸ. ಈಗ ಬಳಕೆಯಲ್ಲಿರುವ 4ಕೆ ಎಂಬ ನಯವಾದ ಚಿತ್ರದಲ್ಲಿ ಒಂದೊಂದಕ್ಕೂ ಸುಮಾರು 83 ಲಕ್ಷ ಬಿಂದುಗಳಿರುತ್ತವೆ; ಸೆಕೆಂಡಿಗೆ ಅಂಥ 60 ಚಿತ್ರಗಳನ್ನು ಹಿಡಿದರೆ, ಗಣಕವು ಸೆಕೆಂಡು ಸೆಕೆಂಡಿಗೂ ಸುಮಾರು 50 ಕೋಟಿ ಬಿಂದುಗಳ ಲೆಕ್ಕವನ್ನು ಒಪ್ಪಿಸಬೇಕು. ಇದಕ್ಕೆ ಖರ್ಚಾಗುವ ವಿದ್ಯುತ್ತೆಲ್ಲ ಕಡೆಗೆ ಶಾಖವಾಗಿಯೇ ಹೊರಗೆ ಬರಬೇಕಾದುದು. ಕೊಡುವ ಕೈಯಾದ ಬ್ಯಾಟರಿಯೂ ಕಾಯುತ್ತದೆ. ತುಂಬಿಕೊಳ್ಳುವ ಕಾರ್ಡೂ ಕಾಯುತ್ತದೆ. ಹಿಂದಿನ ಪರದೆಯೂ ಕಾಯುತ್ತದೆ. ಧೂಳೂ ಹನಿಯೂ ಒಳಹೋಗದಂತೆ ಬಿಗಿಯಾಗಿ ಮುಚ್ಚಿದ, ಅಂಗೈಯಗಲದ ಪೆಟ್ಟಿಗೆಯಲ್ಲಿ ಇಷ್ಟೂ ನಡೆಯಬೇಕು. ಬೀಸಣಿಗೆಯಿಲ್ಲ, ಕಿಟಕಿಯಿಲ್ಲ. ಒಳಗಿನ ಕಾವು ಲೋಹದ ಮೈಗೆ ಹರಿದು, ಆ ಮೈಯಿಂದ ಗಾಳಿಗೆ ಹೋಗುವುದೊಂದೇ ದಾರಿ.

ಹೀಗೆ ಒಳಗಿನ ಬಿಸಿಯು ಒಂದು. ಹೊರಗಿನ ಬಿಸಿಯು ಇನ್ನೊಂದು. ಸುತ್ತಲಿನ ಗಾಳಿಯು ತಂಪಾಗಿದ್ದರೆ ಮೈಯ ಕಾವನ್ನು ಬೇಗ ಎಳೆದುಕೊಳ್ಳುತ್ತದೆ. ಗಾಳಿಯೇ 40 ಡಿಗ್ರಿಯಲ್ಲಿದ್ದರೆ ಎಳೆದುಕೊಳ್ಳುವ ಶಕ್ತಿಯು ಕುಂದುತ್ತದೆ. ಅದರ ಮೇಲೆ ಕ್ಯಾಮರಾದ ಕಪ್ಪು ಬಣ್ಣವು ಬಿಸಿಲನ್ನು ಕುಡಿಯುವುದರಲ್ಲಿ ಎಲ್ಲ ಬಣ್ಣಗಳಿಗೂ ಮುಂದು. ಬಹುಮಟ್ಟಿನ ಕ್ಯಾಮರಾಗಳ ಕೈಪಿಡಿಗಳಲ್ಲಿ ಕೆಲಸಮಾಡಲು ತಕ್ಕ ಉಷ್ಣತೆಯು 0ಯಿಂದ 40 ಡಿಗ್ರಿ ಎಂದು ಅಚ್ಚಾಗಿರುತ್ತದೆ. ಹಂಪಿಯ ಚೈತ್ರವು ಆ ಮೇಲಿನ ಗೆರೆಯ ಹತ್ತಿರದಲ್ಲಿಯೇ ನಿಂತಿರುವುದನ್ನು ವಾಚಕರು ಗಮನಿಸಬೇಕು.

ಕಾವು ಏರಿದರೆ ಆಗುವ ಕೇಡು ಎರಡು ಬಗೆಯದು. ಮೊದಲನೆಯದು ಚಿತ್ರದ ಕೇಡು. ಬೆಳಕೇ ಬೀಳದಿದ್ದರೂ ಬಿಸಿಯಾದ ಸೆನ್ಸರಿನಲ್ಲಿ ತನ್ನಷ್ಟಕ್ಕೆ ಸ್ವಲ್ಪ ವಿದ್ಯುತ್ತು ಹುಟ್ಟುತ್ತದೆ. ಸುಮಾರು ಆರರಿಂದ ಎಂಟು ಡಿಗ್ರಿ ಏರಿದಷ್ಟಕ್ಕೂ ಅದು ಇಮ್ಮಡಿಯಾಗುತ್ತದೆ. ಚಿತ್ರದ ನೆರಳುಗಳಲ್ಲಿ ರವೆ ಚೆಲ್ಲಿದಂತೆ ಕಾಣುವ ಕಲೆಗಳಿಗೆ ಇದೂ ಒಂದು ಕಾರಣ. ನಕ್ಷತ್ರಗಳನ್ನು ಚಿತ್ರಿಸುವ ಖಗೋಳಶಾಸ್ತ್ರಜ್ಞರು ತಮ್ಮ ಯಂತ್ರಗಳನ್ನು ತಣ್ಣಗೆ ಮಾಡಿಕೊಳ್ಳುವುದು ಇದಕ್ಕಾಗಿಯೇ. ಎರಡನೆಯದು ಯಂತ್ರದ ಕೇಡು. ಅದನ್ನು ತಪ್ಪಿಸಲೆಂದೇ ತಯಾರಕರು ಒಳಗೆ ಒಂದು ಕಾವಲುಗಾರನನ್ನು ಇಟ್ಟಿರುತ್ತಾರೆ. ಮಿತಿಯು ಸಮೀಪಿಸಿದಾಗ ಪರದೆಯಲ್ಲಿ ಉಷ್ಣಮಾಪಕದ ಗುರುತು ಮಿನುಗುತ್ತದೆ. ಮಿತಿಯು ಮೀರಿದಾಗ ಯಂತ್ರವು ತಾನೇ ಆರಿಹೋಗುತ್ತದೆ. ಆರಿಹೋದುದು ಕೆಟ್ಟುಹೋದುದಲ್ಲ, ಕೆಡದಿರಲೆಂದು ಆರಿದುದು.

ಇದು ಅಗ್ಗದ ಯಂತ್ರಗಳಿಗೆ ಮಾತ್ರ ಬರುವ ರೋಗವೆಂದು ತಿಳಿಯಲಾಗದು. 2020ರಲ್ಲಿ ಬಂದ ಕ್ಯಾನನ್ ಆರ್5 ಎಂಬ ಬೆಲೆಯುಳ್ಳ ಕ್ಯಾಮರಾದಲ್ಲಿ 8ಕೆ ಚಿತ್ರವನ್ನು 23 ಡಿಗ್ರಿಯ ತಂಪಿನಲ್ಲಿ ಸುಮಾರು 20 ನಿಮಿಷ ಹಿಡಿಯಬಹುದೆಂದು ತಯಾರಕರೇ ಪ್ರಕಟಿಸಿದ್ದರು. 2022ರಲ್ಲಿ ಅದರ ಸೋದರಿಯಾಗಿ ಬಂದ ಆರ್5 ಸಿ ಎಂಬುದರಲ್ಲಿ ಸಣ್ಣ ಬೀಸಣಿಗೆಯನ್ನೇ ಒಳಗೆ ಕೂರಿಸಿದರು. ಇಲ್ಲಿ ಇನ್ನೊಂದು ಮಾತು. ಹಳೆಯ ಕ್ಯಾಮರಾಗಳನೇಕವು ಸರಿಯಾಗಿ 29 ನಿಮಿಷ 59 ಸೆಕೆಂಡಿಗೆ ನಿಂತುಬಿಡುವುದುಂಟು. ಅದು ಬಿಸಿಯ ದೆಸೆಯಿಂದಲ್ಲ. ಅರ್ಧ ಗಂಟೆ ಮೀರಿ ಚಿತ್ರ ಹಿಡಿಯುವುದನ್ನು ಯುರೋಪಿನ ಸುಂಕದವರು ವೀಡಿಯೋ ಯಂತ್ರವೆಂದು ಎಣಿಸಿ ಹೆಚ್ಚು ಸುಂಕ ಹಾಕುತ್ತಿದ್ದುದರಿಂದ ತಯಾರಕರು ಹಾಕಿದ ಬೇಲಿ ಅದು. ಹಾಗೆ ನಿಂತುದನ್ನು ಮತ್ತೆ ಒತ್ತಿದರೆ ಮುಂದುವರಿಯುತ್ತದೆ. ಬಿಸಿಯಿಂದ ನಿಂತುದು ತಣಿಯುವ ತನಕ ಮುಂದುವರಿಯದು.

ಹೊರಡುವುದಕ್ಕೆ ಒಂದು ವಾರ ಮುಂಚೆ ಹುಡುಗರು ಮನೆಯ ಮಾಳಿಗೆಯ ಮೇಲೆ ಪರೀಕ್ಷೆಯನ್ನು ನಡೆಸಿದರು. ಮಧ್ಯಾಹ್ನ ಮೂರು ಗಂಟೆಯಲ್ಲಿ, ಚಪ್ಪರದ ನೆರಳಿನಲ್ಲಿ, ಕ್ಯಾಮರಾವನ್ನು 4ಕೆಯ ಅತಿ ನಯದಲ್ಲಿ ಓಡಿಸಿದರೆ ಅರ್ಧ ಗಂಟೆ ತುಂಬುವುದರೊಳಗೆ ಎಚ್ಚರಿಕೆಯ ಗುರುತು ಕಂಡಿತು. ಅದನ್ನೇ 1080 ಎಂಬ ಮೆಟ್ಟಿಲಿಗೆ ಇಳಿಸಿ, ಸೆಕೆಂಡಿಗೆ 25 ಚಿತ್ರಗಳಂತೆ ಓಡಿಸಿದಾಗ ಬ್ಯಾಟರಿಯು ಮುಗಿಯಿತೇ ಹೊರತು ಗುರುತು ಕಾಣಲಿಲ್ಲ. ಇದರಲ್ಲಿ ಆಶ್ಚರ್ಯವಿಲ್ಲ, ಬಿಂದುಗಳ ಲೆಕ್ಕದಲ್ಲಿ ಎರಡನೆಯ ಕೆಲಸವು ಮೊದಲನೆಯದರ ಹತ್ತನೆಯ ಒಂದು ಪಾಲಿನಷ್ಟು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಸುತ್ತಿನದಾದುದರಿಂದ 25 ಚಿತ್ರಗಳ ಲೆಕ್ಕದಲ್ಲಿ ದೀಪಗಳ ಮಿನುಗೂ ಕಾಣಿಸದೆಂಬುದು ಇನ್ನೊಂದು ಲಾಭ. ದೊಡ್ಡಮ್ಮನವರು ನೋಡತಕ್ಕದ್ದು ಗೋಡೆಯ ಮೇಲಿನ ಟೀವಿಯಲ್ಲಿ, ಕನ್ನಡಕ ಹಾಕಿಕೊಂಡು. ಅವರಿಗೆ ಬೇಕಾದುದು ಎಲೆಯ ನರವನ್ನು ಎಣಿಸುವ ನಯವಲ್ಲ, ತೇರು. ನಯಕ್ಕೂ ಅವಿಚ್ಛಿನ್ನತೆಗೂ ನಡುವೆ ಒಂದನ್ನು ಆರಿಸಬೇಕಾಗಿ ಬಂದಲ್ಲಿ ಮನೆಯ ಕೆಲಸಕ್ಕೆ ಎರಡನೆಯದೇ ಮೇಲು ಎಂದು ನಿಶ್ಚಯಿಸಿದೆವು.

ಆ ಪರೀಕ್ಷೆಯಿಂದಲೇ ಉಳಿದ ಏರ್ಪಾಡುಗಳೂ ಹುಟ್ಟಿದವು. ವೈಫೈ, ಬ್ಲೂಟೂತ್ ಮೊದಲಾದ ಬೇಡದ ಉದ್ಯೋಗಗಳನ್ನೆಲ್ಲ ಆರಿಸಿದೆವು. ಕೈನಡುಕವನ್ನು ತಿದ್ದುವ ಯಂತ್ರಭಾಗವು ಟ್ರೈಪಾಡ್ ಎಂಬ ಮುಕ್ಕಾಲಿಯ ಮೇಲೆ ನಿಷ್ಪ್ರಯೋಜಕವಾದುದರಿಂದ ಅದಕ್ಕೂ ರಜೆ ಕೊಟ್ಟೆವು. ಹಿಂದಿನ ಪರದೆಯನ್ನು ಮೈಗೆ ಅಂಟಿಸದೆ ಹೊರಕ್ಕೆ ಬಿಚ್ಚಿಟ್ಟರೆ ಬೆನ್ನಿಗೆ ಗಾಳಿಯಾಡಿ ಕಾವು ಹೋಗುವುದಕ್ಕೆ ದಾರಿಯಾಗುವುದೆಂದು ಕಂಡೆವು. ಪರದೆಯ ಬೆಳಕನ್ನು ತಗ್ಗಿಸಿ, ನೋಡಬೇಕಾದಾಗ ಮೇಲಿನ ಕಿಂಡಿಯಲ್ಲಿ ನೋಡುವುದೆಂದು ಗೊತ್ತುಮಾಡಿಕೊಂಡೆವು. ಕೆಲವು ಕ್ಯಾಮರಾಗಳಲ್ಲಿ ಆರಿಹೋಗುವ ಉಷ್ಣತೆಯ ಮಿತಿಯನ್ನು ಸ್ವಲ್ಪ ಎತ್ತರಿಸುವ ಏರ್ಪಾಡಿದೆ. ಅದನ್ನು ಬಳಸುವವರು ಯಂತ್ರವನ್ನು ಕೈಯಲ್ಲಿ ಹಿಡಿಯದೆ ಮುಕ್ಕಾಲಿಯ ಮೇಲೆಯೇ ಇಡತಕ್ಕದ್ದು. ಬಹಳ ಹೊತ್ತು ಹಿಡಿದರೆ ಅಂಗೈ ಸುಡಬಹುದು. ಕಡೆಯದಾಗಿ, ನೆಂಟರೊಬ್ಬರಿಂದ ಎರಡನೆಯ ಕ್ಯಾಮರಾವೊಂದನ್ನು ಎರವಲು ತಂದೆವು. ಒಂದು ದುಡಿಯುವಾಗ ಇನ್ನೊಂದು ನೆರಳಿನಲ್ಲಿ ಕೂರಬೇಕು. ನೇಗಿಲಿಗೆ ಜೋಡಿಯನ್ನು ಬದಲಿಸುವ ರೈತನಿಗೆ ಇದನ್ನು ಯಾರೂ ಹೇಳಿಕೊಡಬೇಕಾದುದಿಲ್ಲ.

ಪೂರ್ಣಿಮೆಯ ದಿನ ಬೆಳಗಿನ ಜಾವದಲ್ಲಿ ಹರಿಹರವನ್ನು ಬಿಟ್ಟು ಬಿಸಿಲೇರುವ ಮುನ್ನ ಹೊಸಪೇಟೆಯನ್ನು ಸೇರಿದೆವು. ಅಲ್ಲಿಂದ ಹಂಪಿಗೆ ಸುಮಾರು 13 ಕಿಲೋಮೀಟರು. ಕಾರನ್ನು ನಿಲ್ಲಿಸಿ ಹೋಗುವಾಗ ಕ್ಯಾಮರಾ ಚೀಲವನ್ನು ಅದರೊಳಗೆ ಬಿಡಲಿಲ್ಲ. ಗಾಜು ಏರಿಸಿ ಬಿಸಿಲಿನಲ್ಲಿ ನಿಲ್ಲಿಸಿದ ಕಾರು ಒಂದು ಒಲೆಯೇ ಸರಿ. ಅಲ್ಲಿ ಮಧ್ಯಾಹ್ನವೆಲ್ಲ ಬೆಂದ ಯಂತ್ರವು ಕೆಲಸವನ್ನು ಪ್ರಾರಂಭಿಸುವಾಗಲೇ ಮಿತಿಯ ಅರ್ಧ ದಾರಿಯನ್ನು ನಡೆದಿರುತ್ತದೆ. ಚೀಲವನ್ನು ಬಿಳಿಯ ಪಂಚೆಯಲ್ಲಿ ಸುತ್ತಿ ತಂಪಾದ ಒಂದು ಮಂಟಪದ ಒಳಮೂಲೆಯಲ್ಲಿಟ್ಟು ಸರದಿಯ ಮೇಲೆ ಕಾದೆವು. ಮಂಜುಗಡ್ಡೆಯನ್ನು ಜೊತೆಗಿಡಬಾರದೇ ಎಂದು ಕಿರಿಯ ಹುಡುಗನು ಕೇಳಿದನು. ಕೂಡದು. ತಣ್ಣಗಾದ ಲೋಹದ ಮೇಲೆ ಗಾಳಿಯ ತೇವವು ಹನಿಗಟ್ಟುತ್ತದೆ. ತಣ್ಣೀರಿನ ತಂಬಿಗೆಯ ಹೊರಮೈಯಲ್ಲಿ ನಾವು ನಿತ್ಯವೂ ಕಾಣುವುದು ಇದನ್ನೇ. ಆ ಹನಿಯು ಕ್ಯಾಮರಾದ ಒಳಗೆ ಕಟ್ಟಿದರೆ ಬಿಸಿಯಿಂದ ಉಳಿದ ಯಂತ್ರವು ನೀರಿನಿಂದ ಕೆಡುತ್ತದೆ. ಒದ್ದೆ ಬಟ್ಟೆಯನ್ನು ಮೈಗೆ ಹೊದಿಸುವುದೂ ಇದೇ ಕಾರಣದಿಂದ ಸಲ್ಲದು. ನೆರಳು, ಗಾಳಿ, ಬಿಡುವು ಎಂಬ ಮೂರೇ ಇದಕ್ಕೆ ಔಷಧ.

ಕಾಯುವ ಹೊತ್ತಿನಲ್ಲಿ ದೇವಾಲಯದ ಒಳಗೆ ಹೋಗಿ, ಹಂಪಿಗೆ ಬಂದವರೆಲ್ಲ ನೋಡುವ ಆ ಒಂದು ಕತ್ತಲೆಯ ಕೋಣೆಯನ್ನು ನೋಡಿದೆವು. ಗೋಡೆಯ ಸಣ್ಣ ಕಿಂಡಿಯೊಂದರ ಮೂಲಕ ಹೊರಗಿನ ಬೆಳಕು ಒಳಬಂದು, ಪೂರ್ವದ ಮಹಾಗೋಪುರದ ಚಿತ್ರವನ್ನು ಎದುರು ಗೋಡೆಯ ಮೇಲೆ ತಲೆಕೆಳಗಾಗಿ ಬೀಳಿಸುತ್ತದೆ. ಬೆಳಕು ನೇರವಾಗಿ ಹರಿಯುವುದರಿಂದ ಮೇಲಿನದು ಕೆಳಗೂ ಕೆಳಗಿನದು ಮೇಲೂ ಹೋಗುವುದು ಸಹಜ. ಎಲ್ಲ ಕ್ಯಾಮರಾಗಳ ಮೂಲತತ್ತ್ವವೂ ಇದೇ. ಹುಡುಗರು ಅದರ ಮುಂದೆ ಬಹಳ ಹೊತ್ತು ನಿಂತರು. ಬ್ಯಾಟರಿಯಿಲ್ಲದ, ಕಾರ್ಡಿಲ್ಲದ, ಕಾಯದ ಕ್ಯಾಮರಾ ಅದು. ಆದರೆ ಕಂಡುದನ್ನು ಇಟ್ಟುಕೊಳ್ಳಲಾರದು. ಇಟ್ಟುಕೊಳ್ಳಬೇಕೆಂಬ ಆಸೆಯಿಂದಲೇ ಮುಂದಿನ ಕಷ್ಟವೆಲ್ಲ ಹುಟ್ಟಿದುದು.

ಆ ಆಸೆಯಿಂದ ಹಂಪಿಗೆ ಬಂದವರಲ್ಲಿ ಮೊದಲಿಗರ ಸಾಲಿನವನು ಮದ್ರಾಸು ಸೈನ್ಯದ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ. 1856ರಲ್ಲಿ ಅವನು ಈ ಹಾಳೂರಿನ ದೊಡ್ಡ ದೊಡ್ಡ ಚಿತ್ರಗಳನ್ನು ತೆಗೆದನು. ಆ ಕಾಲದಲ್ಲಿ ಗಾಜಿನ ಮೇಲೆ ರಾಸಾಯನಿಕ ದ್ರವವನ್ನು ಬಳಿದು ಅದು ಒಣಗುವ ಮುನ್ನವೇ ಚಿತ್ರ ತೆಗೆದು ತೊಳೆಯುವ ಪದ್ಧತಿಯು ಹಬ್ಬುತ್ತಿದ್ದಿತು. ನಮ್ಮ ಬಿಸಿಲಿನಲ್ಲಿ ಆ ದ್ರವವು ಬಹು ಬೇಗ ಒಣಗಿಹೋಗುತ್ತದೆ. ಗ್ರೀನ್‌ಲಾ ಹಿಡಿದುದು ಮೇಣ ಸವರಿದ ಕಾಗದದ ಪದ್ಧತಿಯನ್ನು. ಆ ಕಾಗದವನ್ನು ಮುಂಚಿತವಾಗಿ ಸಿದ್ಧಪಡಿಸಿಕೊಂಡು ನಿಧಾನವಾಗಿ ಬಳಸಬಹುದು. ಅವನ ಚಿತ್ರವೊಂದರಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವು ಕಾಣುತ್ತದೆ. ಇಂದು ಅಲ್ಲಿಗೆ ಹೋದವರಿಗೆ ಆ ಶಿಖರವಿಲ್ಲ. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಎಂಬ ಛಾಯಾಗ್ರಾಹಕನು ಅವನು ನಿಂತ ಸ್ಥಳಗಳಲ್ಲಿಯೇ ನಿಂತು ಮತ್ತೆ ಚಿತ್ರ ತೆಗೆದಾಗ ಏನೇನು ಉಳಿದಿದೆ, ಏನೇನು ಹೋಗಿದೆ ಎಂಬುದು ಎದುರು ಬದುರಾಗಿ ಕಂಡಿತು. ಬಿಸಿಲಿನೊಡನೆ ಹೊಂದಿಕೊಂಡು ಕೆಲಸಮಾಡುವ ವಿವೇಕದಿಂದ ಹೋದದ್ದೊಂದು ಹೀಗೆ ಕಾಗದದಲ್ಲಿ ಉಳಿಯಿತು.

ಇನ್ನು ತೇರಿನ ಬೀದಿ. ವಿರೂಪಾಕ್ಷನ ಪೂರ್ವಗೋಪುರವು ಒಂಬತ್ತು ಅಂತಸ್ತಿನದು, ಸುಮಾರು 50 ಮೀಟರು ಎತ್ತರ. ಅದರ ಬಾಗಿಲಿನಿಂದ ಬೀದಿಯು ನೇರ ಪೂರ್ವಕ್ಕೆ, ಮುಕ್ಕಾಲು ಕಿಲೋಮೀಟರಿನಷ್ಟು ದೂರ, ಮತಂಗ ಪರ್ವತದ ತಪ್ಪಲಿನ ಎದುರು ಬಸವಣ್ಣನವರೆಗೆ ಹೋಗುತ್ತದೆ. ಎರಡು ಪಕ್ಕಗಳಲ್ಲಿಯೂ ಕಲ್ಲುಕಂಬದ ಮಂಟಪಗಳ ಸಾಲು. ಅವುಗಳಲ್ಲಿದ್ದ ಅಂಗಡಿಮನೆಗಳನ್ನು 2011ರಲ್ಲಿ ತೆರವುಮಾಡಿಸಿದ ಮೇಲೆ ಸಾಲು ಬರಿದಾಗಿದೆ. ಎಲ್ಲಿ ನಿಲ್ಲಬೇಕೆಂಬುದನ್ನು ನಾವು ಹಿಂದಿನ ದಿನವೇ ಕಾಗದದ ಮೇಲೆ ಲೆಕ್ಕಹಾಕಿದ್ದೆವು. ಚೈತ್ರದಲ್ಲಿ ಸೂರ್ಯನು ಹೆಚ್ಚುಕಡಿಮೆ ನೇರ ಪಶ್ಚಿಮದಲ್ಲಿ ಮುಳುಗುತ್ತಾನೆ. ಆದಕಾರಣ ಸಂಜೆಯಲ್ಲಿ ಗೋಪುರದ ನೆರಳು ಬೀದಿಯ ಉದ್ದಕ್ಕೇ ಬೀಳಬೇಕು. ನಾಲ್ಕು ಗಂಟೆಯ ವೇಳೆಗೆ ಅದು ಸುಮಾರು 70 ಮೀಟರು, ಐದು ಗಂಟೆಗೆ ಸುಮಾರು 120 ಮೀಟರು ಉದ್ದವಾಗಿರುವುದೆಂದು ಲೆಕ್ಕ. ಆ ನೆರಳಿನಲ್ಲಿ ಪೂರ್ವಕ್ಕೆ ಮುಖಮಾಡಿ ನಿಂತವನಿಗೆ ಸೂರ್ಯನು ಬೆನ್ನಿನ ಕಡೆ. ಮಸೂರದೊಳಗೆ ಬಿಸಿಲು ನೇರವಾಗಿ ನುಗ್ಗುವುದಿಲ್ಲ. ಬೆನ್ನಿನ ಕಡೆಗೆ ಗೋಪುರವೇ ಕೊಡೆ. ಸೂರ್ಯನ ಕಡೆಗೆ ತಿರುಗಿದ ಮಸೂರವು ಹುಡುಗರು ಭೂತಗನ್ನಡಿಯಿಂದ ಕಾಗದ ಸುಡುವಂತೆ ಒಳಗಿನ ಭಾಗಗಳನ್ನು ಸುಡಬಹುದಾದುದರಿಂದ, ಬಿಡುವಿನಲ್ಲಿ ಮುಚ್ಚಳವನ್ನು ಹಾಕುವುದನ್ನು ಯಾರೂ ಮರೆಯಬಾರದು.

ಮೂರೂವರೆಗೆ ಹೋಗಿ ನೋಡಿದಾಗ ನೆರಳು ಲೆಕ್ಕದಂತೆಯೇ ಬಿದ್ದಿತ್ತು. ಬೀದಿಯ ಪಕ್ಕದಲ್ಲಿ, ಜನರ ದಾರಿಗೆ ಅಡ್ಡವಾಗದಂತೆ, ಮುಕ್ಕಾಲಿಯನ್ನು ಊರಿದೆವು. ಸ್ಮಾರಕಗಳ ಒಳಗಾದರೆ ಇದಕ್ಕೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಹೋಗುವವರು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ನೆರಳಿನಲ್ಲಿದ್ದರೂ ಕೆಳಗಿನ ಕಲ್ಲುಹಾಸು ಕಾದ ಹೆಂಚಿನಂತಿದ್ದಿತು. ಅದರ ಮೇಲಾಗಲಿ, ಮಂಟಪದ ಬಿಸಿಲುಂಡ ಜಗಲಿಯ ಮೇಲಾಗಲಿ ಕ್ಯಾಮರಾವನ್ನು ಇಡದೆ, ಬಿಡುವಿನ ಯಂತ್ರವನ್ನು ಮಡಿಸಿದ ಜಮಖಾನದ ಮೇಲೆ ಇಟ್ಟೆವು. ಕೈಯಷ್ಟಗಲದ ಬ್ಯಾಟರಿ ಬೀಸಣಿಗೆಯೊಂದು ದುಡಿಯುವ ಯಂತ್ರದ ಬೆನ್ನಿಗೆ ಗಾಳಿಯನ್ನು ಬೀಸುತ್ತಿದ್ದಿತು. ಹೊತ್ತಿಗೆ ಮುಂಚಿತವಾಗಿ ಯಂತ್ರವನ್ನು ಹಚ್ಚಲಿಲ್ಲ. ಚಿತ್ರ ಹಿಡಿಯದಿದ್ದರೂ ಹಚ್ಚಿಟ್ಟ ಕ್ಯಾಮರಾದ ಸೆನ್ಸರೂ ಪರದೆಯೂ ದುಡಿಯುತ್ತಲೇ ಇರುತ್ತವೆಂಬುದನ್ನು ಬಹಳ ಜನ ಗಮನಿಸುವುದಿಲ್ಲ.

ನಮ್ಮಿಂದ ಹತ್ತು ಮಾರು ಮುಂದೆ, ನೆರಳಿನ ಆಚೆ, ಒಬ್ಬ ತರುಣನು ಒಳ್ಳೆಯ ಕ್ಯಾಮರಾವನ್ನು ನಿಲ್ಲಿಸಿಕೊಂಡಿದ್ದನು. ಜಾಗ ಹೋದೀತೆಂದು ಎರಡು ಗಂಟೆಯಿಂದಲೂ ಅಲ್ಲಿಯೇ ಇದ್ದನಂತೆ. ಯಂತ್ರವೂ ಆಗಿನಿಂದ ಹಚ್ಚಿಯೇ ಇದ್ದಿತು. ತಂದೆಯವರು ಹಗ್ಗಕ್ಕೆ ಕೈ ಹಾಕುವವರಲ್ಲಿದ್ದರೆಂದೂ ಅದನ್ನು ಹಿಡಿಯಬೇಕೆಂದೂ ಹೇಳಿದನು. ಡೊಳ್ಳು ಬಡಿಯತೊಡಗಿ, ಜನರೆಲ್ಲ ಎದ್ದು, ಹಗ್ಗಗಳು ನೆಲದಿಂದ ಮೇಲೆದ್ದ ಅದೇ ಗಳಿಗೆಯಲ್ಲಿ ಅವನ ಪರದೆಯಲ್ಲಿ ಗುರುತು ಮಿನುಗಿ ಯಂತ್ರವು ಕತ್ತಲಾಯಿತು. ಅವನ ಮುಖವನ್ನು ನೋಡಲಾಗಲಿಲ್ಲ. ನಮ್ಮ ಹಿರಿಯ ಹುಡುಗನು ಓಡಿಹೋಗಿ ಅವನನ್ನು ನೆರಳಿಗೆ ಕರೆತಂದನು. ಕಾರ್ಡಿನ ದೀಪವು ಆರಿತೇ ಎಂದು ಮೊದಲು ನೋಡಿ, ಅನಂತರ ಬ್ಯಾಟರಿಯನ್ನು ತೆಗೆದು, ಪರದೆಯನ್ನು ಬಿಚ್ಚಿ, ಮಸೂರಕ್ಕೆ ಮುಚ್ಚಳ ಹಾಕಿ, ನಮ್ಮ ಬೀಸಣಿಗೆಯನ್ನು ಅದರ ಬೆನ್ನಿಗೆ ತಿರುಗಿಸಿದೆವು. ಧೂಳು ಏಳುತ್ತಿದ್ದುದರಿಂದ ಮೇಲೆ ಬಿಳಿಯ ಬಟ್ಟೆಯನ್ನು ಚಪ್ಪರದಂತೆ, ಮೈಗೆ ತಾಗದಂತೆ, ಹಿಡಿದೆವು. ಒಂದೆರಡು ಸಲ ಹಚ್ಚಲು ಹೋದವನನ್ನು ತಡೆದೆವು. ಅರ್ಧ ತಣಿದುದನ್ನು ಹಚ್ಚಿದರೆ ಮತ್ತೆ ಬೇಗನೆ ಆರುವುದೇ ಹೊರತು ಬೇರಿಲ್ಲ. ಹಗ್ಗ ಎದ್ದ ಗಳಿಗೆಯು ನಮ್ಮ ಯಂತ್ರದಲ್ಲಿ ಇದ್ದಿತು. ಅವನ ವಿಳಾಸವನ್ನು ಬರೆದುಕೊಂಡು ಆ ಭಾಗವನ್ನು ಆಮೇಲೆ ಕಳುಹಿಸಿದೆವು. ಕಾಲು ಗಂಟೆಯ ಮೇಲೆ ಅವನ ಕ್ಯಾಮರಾ, ಕೆಳಗಿನ ಮೆಟ್ಟಿಲಿನಲ್ಲಿ, ಕಣ್ಣು ತೆರೆಯಿತು. ತೇರು ಹಿಂತಿರುಗುವುದನ್ನು ಅವನು ತಾನೇ ಹಿಡಿದನು.

ತೇರು ಹೊರಟಿತು. ನೋಡಿದವರಿಗೆ ಅದನ್ನು ವರ್ಣಿಸಬೇಕಾದುದಿಲ್ಲ. ನೋಡದವರಿಗೆ ವರ್ಣಿಸಿ ಪೂರೈಸದು. ಬಾಳೆಯ ಹಣ್ಣೂ ಉತ್ತತ್ತಿಯೂ ಗಾಳಿಯಲ್ಲಿ ಹಾರಿ ಕಳಸದ ಕಡೆಗೆ ಹೋಗುತ್ತಿದ್ದವು. ನಾವು ಕಂಡ ಒಂದು ಸಂಗತಿಯನ್ನು ಮಾತ್ರ ಹೇಳುತ್ತೇವೆ. ತೇರನ್ನು ಒಂದೇ ಉಸಿರಿನಲ್ಲಿ ಯಾರೂ ಎಳೆಯುವುದಿಲ್ಲ. ಅದು ಸ್ವಲ್ಪ ದೂರ ಬರುತ್ತದೆ, ನಿಲ್ಲುತ್ತದೆ. ಗಾಲಿಗೆ ಮರದ ತುಂಡನ್ನು ಕೊಡುವವರು ಬಾಗಿ ಬೆವರೊರಸಿಕೊಳ್ಳುತ್ತಾರೆ. ಹಗ್ಗ ಹಿಡಿದವರು ನೀರು ಕುಡಿಯುತ್ತಾರೆ. ಮತ್ತೆ ಜಯಘೋಷವಾಗಿ ಮುಂದಕ್ಕೆ ಬರುತ್ತದೆ. ಆ ನಿಲುಗಡೆಗಳೇ ನಮಗೆ ಯಂತ್ರವನ್ನು ಬದಲಿಸುವ ಹೊತ್ತಾದವು. ಒಂದನ್ನು ಆರಿಸುವ ಮುನ್ನ ಇನ್ನೊಂದನ್ನು ಹಚ್ಚಿ, ಎರಡೂ ಅರ್ಧ ನಿಮಿಷ ಜೊತೆಯಲ್ಲಿ ಓಡುವಂತೆ ಮಾಡಿದೆವು. ಮನೆಗೆ ಬಂದು ಜೋಡಿಸುವಾಗ ನಡುವೆ ಕೊರೆಯಿರಲಿಲ್ಲ. ಎರಡು ಕ್ಯಾಮರಾಗಳಲ್ಲಿ ಒಂದರಲ್ಲಿಯೂ ಕಡೆಯವರೆಗೆ ಎಚ್ಚರಿಕೆಯ ಗುರುತು ಕಾಣಲಿಲ್ಲ. ತೇರು ನಿಂತಾಗ ಮತಂಗದ ಕಡೆಯಿಂದ ಪೂರ್ಣಚಂದ್ರನು ಮೇಲೆ ಬರುತ್ತಿದ್ದನು. ಅದನ್ನು ಹಿಡಿಯಲು ಹುಡುಗರಿಗೆ ಹೇಳಬೇಕಾಗಲಿಲ್ಲ.

ಹಿಂತಿರುಗಿದ ಮೇಲೆ ಬ್ಯಾಟರಿಗಳನ್ನು ಆ ರಾತ್ರಿಯೇ ಚಾರ್ಜಿಗೆ ಹಾಕಲಿಲ್ಲ. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿ ಮೀರಿದ ಬಿಸಿಯಲ್ಲಿ ತುಂಬುವುದು ಅದರ ಆಯುಸ್ಸಿಗೆ ಕೇಡು. ಪೂರ್ತಿ ತಣಿದ ಮೇಲೆ ತುಂಬಿದೆವು. ಕಾರ್ಡುಗಳಲ್ಲಿದ್ದುದನ್ನು ಎರಡು ಕಡೆ ನಕಲು ಮಾಡಿದ ಮೇಲೆಯೇ ಮಲಗಿದೆವು.

ಮರುದಿನ ದೊಡ್ಡಮ್ಮನವರನ್ನು ಒರಗುಕುರ್ಚಿಯಲ್ಲಿ ಕೂರಿಸಿ ತೇರನ್ನು ತೋರಿಸಿದೆವು. ಎಳೆಯುವಾಗ ಅವರು ಕೈಮುಗಿದುಕೊಂಡಿದ್ದರು. ನಿಲುಗಡೆಗಳು ಬಂದಾಗ ಬೇಸರವಾದೀತೆಂದು ಹುಡುಗನು ಮುಂದಕ್ಕೆ ಓಡಿಸಲು ಹೋದನು. “ಬಿಡು, ಬಿಡು, ಅವರು ದಣಿವಾರಿಸಿಕೊಳ್ಳಲಿ” ಎಂದರು. ಮಂಟಪದ ಕಂಬವೊಂದನ್ನು ತೋರಿಸಿ, ತಮ್ಮ ತಾಯಿಯವರು ತಮ್ಮನ್ನು ಅಲ್ಲಿಯೇ ನಿಲ್ಲಿಸುತ್ತಿದ್ದರೆಂದು ಹೇಳಿದರು. ಅದು ತೇರು ನಿಂತಾಗ, ಜನರು ಸರಿದಾಗ ಕಂಡ ಕಂಬ. ಎಳೆಯುವ ಗದ್ದಲದಲ್ಲಿ ಅದು ಕಾಣುವಂತಿರಲಿಲ್ಲ.

ತೇರಿಗೆ ಮಾತ್ರವಲ್ಲ, ಬೇಸಗೆಯ ಮದುವೆ ಮುಂಜಿಗಳಿಗೂ, ಶಾಲೆಯ ಬಯಲಿನಲ್ಲಿ ನಡೆಯುವ ಆಟೋಟಗಳಿಗೂ ಈ ಮಾತುಗಳು ಸಲ್ಲುತ್ತವೆ. ವಾಚಕರಲ್ಲಿ ಯಾರಾದರೂ ಮುಂದಿನ ಚೈತ್ರಕ್ಕೆ ಹಂಪಿಗೆ ಹೋಗುವುದಾದರೆ ಒಂದು ಬಿಳಿಯ ಪಂಚೆ, ಒಂದು ಕೊಡೆ, ಕೈಬೀಸಣಿಗೆ, ಎರಡನೆಯ ಬ್ಯಾಟರಿ, ಸಾಧ್ಯವಾದರೆ ಎರಡನೆಯ ಕ್ಯಾಮರಾ ಇವುಗಳನ್ನು ಜೊತೆಗಿಟ್ಟುಕೊಳ್ಳಲಿ. ನಯವನ್ನು ಒಂದು ಮೆಟ್ಟಿಲು ಇಳಿಸಲಿ. ಮನೆಯಲ್ಲಿ ಒಂದು ಸಲ ಪರೀಕ್ಷೆಮಾಡಿ ನೋಡಲಿ. ಮೂರೂವರೆಯ ಹೊತ್ತಿಗೆ ಗೋಪುರದ ನೆರಳು ಬೀದಿಗೆ ಇಳಿದಿರುತ್ತದೆ. ಅಲ್ಲಿ ಎಲ್ಲರಿಗೂ ಜಾಗವುಂಟು.